ಹಾಡಿನ ತಟ್ಟೆಯ ತರ

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ, ಬೇತ್ರಿಯಲ್ಲಿ ಕಾವೇರಿಯನ್ನು ದಾಟುವುದಕ್ಕೆ ಮೊದಲು, ನಾಪೋಕ್ಲಿನ ರಸ್ತೆ ಕವಲೊಡೆಯುವಲ್ಲಿ ನೆಲೆಗೊಂಡಿರುವ ಮೂರ್ನಾಡಿನಲ್ಲಿ ಬೆಳೆದವರಿಗೆ, ವಸ್ತುಗಳ ತರವನ್ನು ಕಂಡುಹಿಡಿಯುವ ವಿದ್ಯೆಯನ್ನು ಯಾರೂ ಕುಳ್ಳಿರಿಸಿ ಕಲಿಸಬೇಕಾಗಿಲ್ಲ. ಕಾಫಿ ಕೊಳ್ಳಲು ಬಂದ ವ್ಯಾಪಾರಿ ಕಣದಲ್ಲಿ ಕುಳಿತು, ಮೇಲೆ ಕಾಣುವ ಕಾಳನ್ನು ನಂಬದೆ ರಾಶಿಯೊಳಕ್ಕೆ ಮೊಳಕೈಯವರೆಗೆ ಕೈಯಿಳಿಸಿ, ತಳದ ಒಂದು ಹಿಡಿಯನ್ನು ಮೇಲೆತ್ತಿ, ಅಂಗೈಯಲ್ಲಿ ಉಜ್ಜಿ, ಒಂದು ಕಾಳನ್ನು ಹಲ್ಲಿನಿಂದ ಕಚ್ಚಿ ಒಣಗಿದೆಯೇ ಇಲ್ಲವೇ ಎಂದು ನಿರ್ಣಯಿಸುವುದನ್ನು ಬಾಲ್ಯದಿಂದ ನೋಡಿದ ಕಣ್ಣುಗಳು ನಮ್ಮವು. 1942ರ ಕಾನೂನಿನ ತರುವಾಯ ಬೆಳೆಯೆಲ್ಲವೂ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೇ ಹೋಗಬೇಕೆಂಬ ನಿಯಮವಿದ್ದ ಅರ್ಧ ಶತಮಾನದ ಕಾಲದಲ್ಲಿ, ಬೆಳೆಗಾರನ ಕೈಗೆ ಬರುವ ಹಣ ನಿಂತಿದ್ದುದು ತರದ ಮೇಲೆಯೇ. ಪ್ಲಾಂಟೇಷನ್ ಎ, ಬಿ, ಸಿ, ಪೀಬೆರಿ, ಚೆರ್ರಿ ಎಬಿ ಎಂಬ ಹೆಸರುಗಳು ನಮ್ಮ ಮನೆಗಳಲ್ಲಿ ನಂಟರ ಹೆಸರುಗಳಷ್ಟೇ ಪರಿಚಿತವಾಗಿದ್ದುವು. ಜರಡಿಯ ಕಣ್ಣಿನ ಅಳತೆ ಒಂದು ಕೂದಲೆಳೆಯಷ್ಟು ಬದಲಾದರೆ ಕಾಳಿನ ಜಾತಿಯೇ ಬದಲಾಗುವುದೆಂಬುದು ಇಲ್ಲಿ ಸಾಮಾನ್ಯಜ್ಞಾನ.

ಈ ಕಣ್ಣನ್ನೇ ಕಾಫಿಯಿಂದ ತಿರುಗಿಸಿ ಇನ್ನೊಂದು ಕಪ್ಪು ಪದಾರ್ಥದ ಮೇಲಿಟ್ಟರೆ ಏನು ಕಾಣುವುದೆಂಬುದು ನನ್ನನ್ನು ಅನೇಕ ವರ್ಷಗಳಿಂದ ಹಿಡಿದಿಟ್ಟಿರುವ ಪ್ರಶ್ನೆ. ಆ ಪದಾರ್ಥ ಗ್ರಾಮಾಫೋನಿನ ತಟ್ಟೆ. ನಮ್ಮ ಹಿರಿಯರ ಮಾತಿನಲ್ಲಿ ಪ್ಲೇಟು. ಈ ತಟ್ಟೆಗಳನ್ನು ಕೊಳ್ಳುವ ಹಾಗೂ ಅವುಗಳ ಸ್ಥಿತಿಯನ್ನು ಅಳೆಯುವ ಒಂದು ಶಾಸ್ತ್ರವೇ ಲೋಕದಲ್ಲಿ ಬೆಳೆದಿದೆ. ಆ ಶಾಸ್ತ್ರವನ್ನು ನಾವು ಕಲಿಯದ ಕಾರಣದಿಂದಲೇ ಕನ್ನಡದ ಎಷ್ಟೋ ಕಂಠಗಳು ಗುಜರಿಯ ಮೂಟೆಯಲ್ಲಿ ಪುಡಿಯಾಗಿ ಹೋದುವೆಂಬ ಸಂಕಟ ನನ್ನದು.

ಈ ತಟ್ಟೆಗಳ ಭಾರತೀಯ ಚರಿತ್ರೆ 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗುತ್ತದೆ. ಎಮಿಲ್ ಬರ್ಲಿನರ್ ಎಂಬಾತ 1887ರಲ್ಲಿ ಹಕ್ಕುಪತ್ರ ಪಡೆದ ಚಪ್ಪಟೆ ತಟ್ಟೆಯ ಯಂತ್ರವನ್ನು ವಾಣಿಜ್ಯಕ್ಕೆ ತಂದಿದ್ದ ಲಂಡನ್ನಿನ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ತರುಣ ಹಡಗಿನಲ್ಲಿ ಬಂದಿಳಿದು, ಅಂದಿನ ಸುಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆಗ ನಮ್ಮಲ್ಲಿ ತಟ್ಟೆಯೊತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಮರಳಿ ಬರಬೇಕಾಗಿತ್ತು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚರಿಸುವುದು ಅಲ್ಲಿಯ ಕೆಲಸಗಾರರಿಗೆ ಗುರುತಿಗಾಗಿ ಎಂದು ಹೇಳುವುದುಂಟು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಸ್ಥಾಪಿತವಾಗಿ, ಆ ದಶಕ ಮುಗಿದು ಮತ್ತೆರಡು ದಶಕಗಳು ಕಳೆಯುವ ಹೊತ್ತಿಗೆ ಅದು ಡಮ್‌ಡಮ್‌ಗೆ ವರ್ಗವಾಯಿತು. ಇದೇ ಗೌಹರ್ ಜಾನ್, ವೈಭವವೆಲ್ಲ ಕಳೆದ ಮೇಲೆ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ದೇಹ ಬಿಟ್ಟರೆಂಬುದನ್ನು ನೆನೆದಾಗ, ಧ್ವನಿಮುದ್ರಣದ ಈ ದೊಡ್ಡ ಕಥೆಯ ಒಂದು ತುದಿ ನಮ್ಮ ನೆರೆಯ ಊರಿನ ಮಣ್ಣಿನಲ್ಲಿದೆಯಲ್ಲ ಎಂದು ಮನಸ್ಸು ಆರ್ದ್ರವಾಗುತ್ತದೆ.

ಮೈಸೂರಿನವರೆಗೆ ರೈಲು ತಂದ ತಟ್ಟೆಗಳು ಅಲ್ಲಿಂದ ಮುಂದೆ ಕೊಡಗಿಗೆ ರಸ್ತೆಯ ಮೇಲೆಯೇ ಬರಬೇಕಾಗಿತ್ತು. ಕೊಡಗಿಗೆ ರೈಲು ಅಂದೂ ಇರಲಿಲ್ಲ, ಇಂದೂ ಇಲ್ಲ. ಗಾಜಿನಂತೆ ಒಡೆಯುವ ಪದಾರ್ಥವನ್ನು ಬೆಟ್ಟದ ತಿರುವುಗಳಲ್ಲಿ ನೂರಿಪ್ಪತ್ತು ಕಿಲೋಮೀಟರ್ ಸಾಗಿಸಿ ಮನೆ ಸೇರಿಸಿದವರ ಆಸ್ಥೆಯನ್ನು ಊಹಿಸಬೇಕು. ಹಾಗೆ ಬಂದುದರಲ್ಲಿ ಏನೇನಿದ್ದಿತು? ಗುಬ್ಬಿ ವೀರಣ್ಣನವರ ಕಂಪನಿಯ ನಾಟಕಗಳ ಹಾಡುಗಳಿದ್ದುವು, ಬೆಂಗಳೂರು ನಾಗರತ್ನಮ್ಮನವರ ಕಂಠವಿದ್ದಿತು, ಚೌಡಯ್ಯನವರ ಪಿಟೀಲಿದ್ದಿತು, ಗಾಂಧಾರಿ ಎಂಬ ಹೆಸರಿನಲ್ಲಿ ಮುದ್ರಿತವಾದ ಗಂಗೂಬಾಯಿ ಹಾನಗಲ್ಲರ ಎಳೆಯ ಧ್ವನಿಯಿದ್ದಿತು. ಮುಂದೆ ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ಹಾಡಿ ಅವಕ್ಕೆ ಹೊಸ ಜೀವ ಕೊಟ್ಟಾಗ, ಪುಸ್ತಕವನ್ನು ತೆರೆಯದವರ ಮನೆಗೂ ಕಾವ್ಯ ತಟ್ಟೆಯ ಮೂಲಕ ಪ್ರವೇಶಿಸಿತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲವಾದುದರಿಂದ, ತಾಸುಗಟ್ಟಲೆ ರಾಗ ಬೆಳೆಸುವ ವಿದ್ವಾಂಸರು ಕೂಡ ಆ ಮೂರು ನಿಮಿಷದೊಳಗೆ ತಮ್ಮ ಸಾರವನ್ನು ಹಿಂಡಿ ಕೊಡಬೇಕಾಯಿತು. ಆ ಬಿಗಿ ಕೆಲವು ತಟ್ಟೆಗಳಿಗೆ ಕಚೇರಿಗಳಲ್ಲಿಯೂ ದೊರೆಯದ ತೀಕ್ಷ್ಣತೆಯನ್ನು ತಂದಿದೆ.

ಈಗ ಪದಾರ್ಥದ ವಿಚಾರ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ಹಳೆಯ ತಟ್ಟೆ ಅರಗಿನದು. ಪಲಾಶ, ಕುಸುಮ ಮುಂತಾದ ಮರಗಳ ಕೊಂಬೆಗಳ ಮೇಲೆ ಬದುಕುವ ಒಂದು ಅಲ್ಪ ಕೀಟ ಸ್ರವಿಸುವ ಅರಗು, ಛೋಟಾ ನಾಗಪುರದ ಕಾಡುಗಳಿಂದ ಹೊರಟು ಲೋಕದ ಸಂಗೀತವನ್ನೆಲ್ಲ ಅರ್ಧ ಶತಮಾನ ಹೊತ್ತಿತೆಂದರೆ ಅತಿಶಯೋಕ್ತಿಯಲ್ಲ. ಅರಗಿನ ಜೊತೆಗೆ ಕಲ್ಲಿನ ನಯವಾದ ಪುಡಿ, ಕಪ್ಪು ಬರಲು ಕಾಡಿಗೆಯ ಮಸಿ, ಬಿಗಿ ಹಿಡಿಯಲು ಹತ್ತಿಯ ಎಳೆ, ಇಷ್ಟನ್ನು ಬಿಸಿಯಲ್ಲಿ ಕಲಸಿ ಅಚ್ಚಿನಲ್ಲಿ ಒತ್ತುತ್ತಿದ್ದರು. ಕಲ್ಲಿನ ಪುಡಿ ಏಕೆಂದರೆ, ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲಿಯೇ ತಾನು ಸವೆದು ಗೆರೆಯ ಆಕಾರಕ್ಕೆ ಹೊಂದಿಕೊಳ್ಳಲಿ ಎಂದು. ಅದಕ್ಕಾಗಿಯೇ ಒಂದು ಮಗ್ಗುಲಿಗೆ ಒಂದು ಮುಳ್ಳು, ಮಗ್ಗುಲು ಮುಗಿದೊಡನೆ ಆ ಮುಳ್ಳನ್ನು ಎಸೆಯತಕ್ಕದ್ದು ಎಂಬುದು ನಿಯಮ. ನಮ್ಮವರು ಈ ನಿಯಮವನ್ನು ಪಾಲಿಸಲಿಲ್ಲ. ಮುಳ್ಳಿನ ಡಬ್ಬಿ ಮಡಿಕೇರಿಗೆ ಹೋದಾಗ ಮಾತ್ರ ದೊರೆಯುವ ವಸ್ತುವಾಗಿದ್ದುದರಿಂದ, ಒಂದೇ ಮುಳ್ಳು ಹತ್ತು ಹಾಡುಗಳಿಗೆ ದುಡಿಯಿತು. ಅಂಚು ಉಳಿಯಾದ ಮುಳ್ಳು ನೂರು ಗ್ರಾಂಗೂ ಮೀರಿದ ಭಾರದ ಕೆಳಗೆ ಗೆರೆಯ ಗೋಡೆಗಳನ್ನು ಕೆತ್ತಿತು. ಹಾಗೆ ಕೆತ್ತಿಸಿಕೊಂಡ ತಟ್ಟೆ ತನ್ನ ಕಪ್ಪು ಹೊಳಪನ್ನು ಕಳೆದುಕೊಂಡು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಕೊಳ್ಳುವವನು ಮೊಟ್ಟಮೊದಲು ನೋಡತಕ್ಕದ್ದು ಈ ಬೂದು. ಹಾಡು ಏರುವ ಕಡೆಗಳಲ್ಲಿ ಅದು ಹೆಚ್ಚು ದಟ್ಟವಾಗಿರುತ್ತದೆ, ಏಕೆಂದರೆ ಗಟ್ಟಿ ಧ್ವನಿಗೆ ಗೆರೆ ಹೆಚ್ಚು ತುಯ್ಯುತ್ತದೆ, ಸವೆತವೂ ಅಲ್ಲಿಯೇ ಹೆಚ್ಚು.

ಎರಡನೆಯ ಮಹಾಯುದ್ಧದಲ್ಲಿ ಅರಗಿಗೆ ಬಂದ ಅಭಾವ ಹಳೆಯ ತಟ್ಟೆಗಳ ಮೇಲೆ ಇನ್ನೊಂದು ಬಗೆಯ ವಿಪತ್ತನ್ನು ತಂದಿತು. 1942ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ ತಟ್ಟೆಗಳಿಗೆ ಬಳಸುವ ಅರಗನ್ನು ನೂರಕ್ಕೆ ಎಪ್ಪತ್ತರಷ್ಟು ಕಡಿತ ಮಾಡಿದಾಗ, ಹೊಸದನ್ನು ಕೊಳ್ಳಬಂದವರು ಹಳೆಯದನ್ನು ಒಪ್ಪಿಸಬೇಕೆಂಬ ಪದ್ಧತಿ ಬಂದು, ಅಸಂಖ್ಯ ಹಾಡುಗಳು ಪುಡಿಯಾಗಿ ಹೊಸ ಹಾಡುಗಳೊಳಗೆ ಕಲೆತುಹೋದುವು.

ತರವನ್ನು ಅಕ್ಷರಗಳಲ್ಲಿ ಬರೆಯುವ ಸಂಪ್ರದಾಯ ಬಂದುದು ಅಂಚೆಯ ವ್ಯಾಪಾರದಿಂದ. ಲಂಡನ್ನಿನವನು ಬಾಸ್ಟನ್ನಿನವನಿಂದ ತಟ್ಟೆ ತರಿಸಿಕೊಳ್ಳುವಾಗ ವಸ್ತುವನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಮಾರುವವನ ಮಾತೇ ಪ್ರಮಾಣ. ಹೀಗೆ ಆ ಮಾತನ್ನು ಕಟ್ಟಿಹಾಕುವ ಸಲುವಾಗಿ ಹಳೆಯ ಜಾಸ್ ತಟ್ಟೆಗಳ ಇಂಗ್ಲೆಂಡಿನ ಸಂಗ್ರಾಹಕರ ಪತ್ರಿಕೆಯೊಂದು ಅರಗಿನ ತಟ್ಟೆಗಳಿಗೆ, ಹೊಸದರಿಂದ ಕಳಪೆಯವರೆಗೆ ಇಳಿಯುವ, ಎನ್, ಇ, ವಿ, ಜಿ, ಎಫ್, ಪಿ ಎಂಬ ಮೆಟ್ಟಿಲುಗಳನ್ನು ರೂಢಿಗೆ ತಂದಿತು. 1974ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಗೋಲ್ಡ್‌ಮೈನ್ ಪತ್ರಿಕೆಯ ಹೆಸರಿನಲ್ಲಿ ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಎಂದು ಇಳಿಯುವ ಇನ್ನೊಂದು ಕ್ರಮ ವಿನೈಲ್ ತಟ್ಟೆಗಳಿಗೆ ಸರ್ವತ್ರ ಅನ್ವಯವಾಯಿತು. ಬೆಂಗಳೂರಿನ ವ್ಯಾಪಾರಿಗಳ ಬಾಯಲ್ಲಿಯೂ ಈಗ ವಿಜಿ ಪ್ಲಸ್ ಎಂಬುದು ಸಲೀಸಾದ ಮಾತು. ಇಲ್ಲಿ ಹೊಸಬನು ಎಚ್ಚರಿಕೆಯಿಂದ ತಿಳಿಯಬೇಕಾದುದೊಂದುಂಟು. ಗುಡ್ ಎಂದರೆ ಈ ಪರಿಭಾಷೆಯಲ್ಲಿ ಒಳ್ಳೆಯದೆಂದು ಅರ್ಥವಲ್ಲ. ಮೊದಲಿನಿಂದ ಕೊನೆಯವರೆಗೆ ಕರಕರ ಸದ್ದಿನೊಡನೆ ಹೇಗೋ ನುಡಿಯುತ್ತದೆ ಎಂದರ್ಥ. ಕಾಫಿಯಲ್ಲಿ ಸಿ ದರ್ಜೆಯನ್ನು ಯಾರೂ ಒಳ್ಳೆಯದೆನ್ನುವುದಿಲ್ಲ. ಆ ನಿಷ್ಠುರತೆ ನನಗೆ ಹೆಚ್ಚು ಹಿತವೆನಿಸುತ್ತದೆ.

ಪರೀಕ್ಷೆಯ ವಿಧಾನಕ್ಕೆ ಬಂದರೆ, ನಾಲ್ಕು ಇಂದ್ರಿಯಗಳಿಗೂ ಕೆಲಸವಿದೆ. ತಟ್ಟೆಯನ್ನು ನೇರ ಬೆಳಕಿನಲ್ಲಿ ನೋಡಬಾರದು. ಕಿಟಕಿಯ ಬಳಿ ನಿಂತು, ಅಂಚುಗಳನ್ನು ಮಾತ್ರ ಅಂಗೈಗಳ ನಡುವೆ ಹಿಡಿದು, ಬೆಳಕು ಓರೆಯಾಗಿ ಹರಿಯುವಂತೆ ಮೆಲ್ಲನೆ ಹೊರಳಿಸಬೇಕು. ಆಗ ಅಡಗಿದ್ದ ಗೀರುಗಳು ಜೇಡರ ಎಳೆಗಳಂತೆ ಎದ್ದು ಕಾಣುತ್ತವೆ. ಕಂಡ ಗೀರಿನ ಮೇಲೆ ಉಗುರನ್ನು ಹಗುರವಾಗಿ ಎಳೆದಾಗ ಉಗುರಿಗೆ ಅದು ತಾಗದಿದ್ದರೆ ಪ್ರಾಯಶಃ ಕಿವಿಗೂ ತಾಗಲಾರದು. ತಾಗಿದರೆ ಪ್ರತಿ ಸುತ್ತಿಗೂ ಒಂದು ಟಕ್ಕೆಂಬ ಸದ್ದು ನಿಶ್ಚಯ. ನಡುವಿನ ಚೀಟಿಯ ಮೇಲೆ, ತೂತಿನ ಸುತ್ತ, ಯಂತ್ರದ ಗೂಟವನ್ನು ಕುರುಡುಗೈಯಿಂದ ಹುಡುಕಿದ ಸಣ್ಣ ಗೆರೆಗಳಿರುತ್ತವೆ. ಆ ಗೆರೆಗಳು ಎಷ್ಟು ಹೆಚ್ಚೋ ಆ ತಟ್ಟೆ ಅಷ್ಟು ಬಾರಿ ಹಾಡಿದೆಯೆಂದು ತಿಳಿಯಬೇಕು. ಸೋಪಿನಿಂದ ತೊಳೆದು ಎಣ್ಣೆ ಸವರಿ ತಂದ ಹುಸಿ ಹೊಳಪು ಮೇಲ್ಮೈಯನ್ನು ಮರೆಮಾಡಬಹುದು; ತೂತಿನ ಸುತ್ತಣ ಗೆರೆಗಳು ಸುಳ್ಳು ಹೇಳವು. ಮೂಗಿನ ಕೆಲಸ ಬೂಷ್ಟನ್ನು ಕಂಡುಹಿಡಿಯುವುದು. ಇನ್ನು ಕಿವಿಗೆ, ಯಂತ್ರ ಹೂಡುವುದಕ್ಕೂ ಮೊದಲೇ, ಒಂದು ಪರೀಕ್ಷೆಯುಂಟು: ಅರಗಿನ ತಟ್ಟೆಯನ್ನು ತೂತಿನಲ್ಲಿ ಬೆರಳಿಟ್ಟು ತೂಗಿ ಹಿಡಿದು ಅಂಚನ್ನು ಗಿಣ್ಣಿನಿಂದ ಮೆಲ್ಲನೆ ತಟ್ಟುವುದು. ಇಡಿಯಾದ ತಟ್ಟೆ ಠಣ್ಣೆಂದು ನುಡಿಯುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಸತ್ತ ಸದ್ದು ಬರುತ್ತದೆ. ಸಂತೆಯಲ್ಲಿ ನಮ್ಮ ಅಜ್ಜಿಯರು ಮಡಕೆ ಕೊಳ್ಳುತ್ತಿದ್ದುದು ಇದೇ ರೀತಿಯಲ್ಲಿ; ಈ ಒಂದು ಪರೀಕ್ಷೆಯನ್ನು ಯಾವ ಪರದೇಶದ ಪತ್ರಿಕೆಯೂ ನಮಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆಯೂ ಮೂರ್ನಾಡಿನ ತಟ್ಟೆಗೆ ಬೇರೊಂದು ಅಧ್ಯಾಯ ಬೇಕು. ಅದು ಮಳೆಯ ಅಧ್ಯಾಯ. ಮಳೆಗಾಲದ ನಡುವೆ ಬರುವ ಕೊಡವರ ಕಕ್ಕಡ ಮಾಸದಲ್ಲಿ ಮನೆಯ ಗೋಡೆಗಳೇ ಬೆವರುತ್ತವೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆಯ ಮೇಲೂ ಬಿಳಿಯ ಬೂಷ್ಟು ಮೂಡುತ್ತದೆ. ಕಾಗದದ ಲಕೋಟೆಯಲ್ಲಿ ಒಂದರ ಮೇಲೊಂದು ಮಲಗಿಸಿದ ತಟ್ಟೆಗಳು ತೇವ ಹೀರಿದ ಕಾಗದಕ್ಕೆ ಅಂಟಿಕೊಂಡು, ಬಿಡಿಸಹೋದರೆ ಚೀಟಿಯ ಹೆಸರೇ ಕಿತ್ತುಬರುತ್ತದೆ. ಹೆಸರು ಹೋದ ತಟ್ಟೆ ಅನಾಥ. ಒಳ ಅಂಚಿನಲ್ಲಿ ಗೀರಿರುವ ಅಚ್ಚಿನ ಸಂಖ್ಯೆಯೊಂದೇ ಅದರ ವಂಶವನ್ನು ಹೇಳಬಲ್ಲುದು. ಒಲೆಯ ಮೇಲಣ ಅಟ್ಟದಲ್ಲಿಟ್ಟವರು ತೇವದಿಂದ ಉಳಿಸಿದರು. ಆದರೆ ಹೊಗೆಯ ಮಸಿ ಗೆರೆಗಳಿಗೆ ಇಳಿಯಿತು. ನನ್ನ ಮಟ್ಟಿಗೆ, ಈ ಎರಡರಲ್ಲಿ ಮಸಿಯೇ ವಾಸಿ. ಮಸಿಯನ್ನು ತೊಳೆಯಬಹುದು, ಬೂಷ್ಟು ತಿಂದ ಮೈಯನ್ನು ಮರಳಿ ತರಲಾಗದು.

ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳಬೇಕು. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ತಟ್ಟೆಗಳಿದ್ದುವು. ಅಜ್ಜ ತೀರಿಕೊಂಡ ವರ್ಷದ ಮಳೆ ಕಳೆದು, ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ಹೊತ್ತಿಗೆ ಪೆಟ್ಟಿಗೆ ತೆರೆದಾಗ ಎಲ್ಲದರ ಮೇಲೂ ಬೂಷ್ಟು ಹಬ್ಬಿರುವುದನ್ನು ಕಂಡು, ಹುಡುಗನಾಗಿದ್ದ ನಾನು ಉಪಕಾರ ಮಾಡುವ ಉತ್ಸಾಹದಲ್ಲಿ ಅವನ್ನೆಲ್ಲ ಒರೆಸಿ, ಕಾಫಿ ಹರವಿದ್ದ ಕಣದ ಮೂಲೆಯಲ್ಲಿ ಬಿಸಿಲಿಗೆ ಸಾಲಾಗಿ ಇಟ್ಟೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಅರಗು ಮೆತ್ತಗಾಗಿ ತಟ್ಟೆಗಳು ನೆಲದ ಏರುತಗ್ಗುಗಳನ್ನು ತಮ್ಮ ಮೈಗೆ ತೆಗೆದುಕೊಂಡಿದ್ದುವು. ಅಂಚುಗಳು ಕೆಸುವಿನ ಎಲೆಯಂತೆ ಮೇಲಕ್ಕೆದ್ದಿದ್ದುವು. ಎರಡು ಗಾಜಿನ ಹಲಗೆಗಳ ನಡುವೆ ಇಟ್ಟು, ಹದವಾದ ಬಿಸಿಗೆ ಹಿಡಿದು, ಮೇಲೆ ಭಾರ ಹೇರಿ ತಣಿಯಬಿಟ್ಟರೆ ಸೊಟ್ಟ ತಿದ್ದಬಹುದೆಂದು ನಾನು ಅರಿತುದು ಬಹಳ ವರ್ಷಗಳ ಮೇಲೆ. ಆಗ ಗೊತ್ತಿರಲಿಲ್ಲ, ಅಜ್ಜಿ ಮಾತಾಡದೆ ಅವನ್ನು ಎತ್ತಿ ಒಳಗೆ ಕೊಂಡುಹೋದರು. ಈ ಲೇಖನದ ಬೀಜ ಆ ಮಧ್ಯಾಹ್ನದಲ್ಲಿಯೇ ಬಿದ್ದಿರಬೇಕು.

ದೀರ್ಘಕಾಲ ನುಡಿಯುವ ವಿನೈಲ್ ತಟ್ಟೆ 1948ರ ಜೂನ್‌ನಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡರೂ ನಮ್ಮ ದೇಶದಲ್ಲಿ ಅರಗಿನ ತಟ್ಟೆ ಅಷ್ಟು ಬೇಗ ಸ್ಥಾನ ಬಿಡಲಿಲ್ಲ. ಕೀಲಿ ಕೊಟ್ಟು ನಡೆಸುವ ಯಂತ್ರಕ್ಕೆ ವಿದ್ಯುತ್ತು ಬೇಡವಾಗಿದ್ದುದೇ ಅದಕ್ಕೆ ಕಾರಣ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು 1960ರ ದಶಕದಲ್ಲಿ 78ರ ತಟ್ಟೆಯ ರೂಪದಲ್ಲಿ ಇಲ್ಲಿ ಒತ್ತಲ್ಪಟ್ಟು, ಆ ಕಾರಣದಿಂದಲೇ ಇಂದು ಪರದೇಶದ ಸಂಗ್ರಾಹಕರಿಗೆ ದುರ್ಲಭ ವಸ್ತುಗಳಾಗಿವೆ. ಮುಂದೆ ಬಂದ ಏಳು ಅಂಗುಲದ ಇಪಿ ತಟ್ಟೆಗಳೇ ಕನ್ನಡ ಚಿತ್ರಗೀತೆಯ ನಿಜವಾದ ಭಂಡಾರ. ಪುಟ್ಟಣ್ಣ ಕಣಗಾಲರ ‘ಶರಪಂಜರ’ದ ಹಾಡುಗಳು ಬಂದಾಗ ಕೊಡಗಿನ ಮನೆಗಳಲ್ಲಿ ತಮ್ಮ ನಾಡನ್ನೂ ತಮ್ಮ ಹೊಳೆಯನ್ನೂ ಕೇಳಿದ ಹೆಮ್ಮೆಯಿದ್ದಿತು; 1972ರಲ್ಲಿ ಕೊಡವ ಭಾಷೆಯ ಮೊದಲ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ ಕೂಡ ಬಂದಿತು. ವಿನೈಲ್ ಅರಗಿನಂತೆ ಒಡೆಯುವುದಿಲ್ಲ, ಆದರೆ ಅದಕ್ಕೆ ಸುಲಭವಾಗಿ ಗೀರು ಬೀಳುತ್ತದೆ. ಇದರ ಗೆರೆ ಹಳೆಯದರ ಮೂರನೆಯ ಒಂದು ಪಾಲಿನಷ್ಟೇ ಅಗಲ. ಆದುದರಿಂದ ಹಳೆಯ ಯಂತ್ರದ ಉಕ್ಕಿನ ಮುಳ್ಳಿಗೆ ಇದನ್ನು ಒಪ್ಪಿಸಿದ ಮನೆಗಳಲ್ಲಿ ಒಂದೇ ಸಂಜೆಗೆ ತಟ್ಟೆ ಹಾಳಾಯಿತು. ಶುಚಿಗೊಳಿಸುವಲ್ಲಿಯೂ ಭೇದ ತಿಳಿದಿರಬೇಕು: ವಿನೈಲನ್ನು ಸ್ಪಿರಿಟ್ ಬೆರೆಸಿದ ನೀರಿನಿಂದ ಒರೆಸಬಹುದು, ಅರಗಿಗೆ ಸ್ಪಿರಿಟ್ ತಾಗಿಸಿದರೆ ಅರಗೇ ಕರಗಿ, ಹಾಡು ಬಟ್ಟೆಗೆ ಬಂದುಬಿಡುತ್ತದೆ.

ಈ ಲೆಕ್ಕಾಚಾರಗಳಲ್ಲಿ ನನ್ನ ಮನಸ್ಸನ್ನು ಬಹಳ ಕಾಡಿರುವ ಒಂದು ವಿಪರ್ಯಾಸವಿದೆ. ಅದನ್ನು ಹೇಳಲು ಕ್ಯೂಬಾದ ಕುಣಿತದ ಹಾಡುಗಳಿಂದ ಆರಂಭಿಸಬೇಕು. ಹವಾನಾದ ಡಾನ್ ಅಸ್ಪಿಯಾಸು ಅವರ ವಾದ್ಯವೃಂದ 1930ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ, ಕಡಲೆಕಾಯಿ ಮಾರುವವನ ಕೂಗನ್ನು ಕುರಿತ ಹಾಡು ಲೋಕಕ್ಕೆಲ್ಲ ರುಂಬಾ ಹುಚ್ಚನ್ನು ಹಿಡಿಸಿತು. ಬಸವನಗುಡಿಯ ಪರಿಷೆಯನ್ನು ಕಂಡ ಕನ್ನಡಿಗನಿಗೆ ಆ ಕೂಗು ಅಪರಿಚಿತವೆನಿಸಲಾರದು. 1933ರಿಂದ ಎಚ್‌ಎಂವಿ ಕಂಪನಿಯ ಜಿವಿ ಮಾಲೆಯಲ್ಲಿ ಕ್ಯೂಬಾದ ತಟ್ಟೆಗಳು ಆಫ್ರಿಕಕ್ಕೆ ಹೋಗಿ ಅಲ್ಲಿಯ ಸಂಗೀತವನ್ನೇ ಮಾರ್ಪಡಿಸಿದುವು. ಜಾನಿ ಪಚೆಕೊ ಮತ್ತು ಜೆರಿ ಮಸೂಚಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ, ಇದೇ ಪರಂಪರೆಯ ಫಾನಿಯಾ ಸಂಸ್ಥೆಯ ತಟ್ಟೆಗಳನ್ನು ಇಂದು ಅರಸಿ ಕೊಳ್ಳುವವರು ಒಕ್ಕೊರಲಿನಿಂದ ಆಡುವ ಮಾತೊಂದೇ: ಶುದ್ಧ ಪ್ರತಿ ಸಿಕ್ಕುವುದಿಲ್ಲ. ಏಕೆ ಸಿಕ್ಕೀತು? ಅವು ನೃತ್ಯದ ತಟ್ಟೆಗಳು. ಮನೆಯೊಳಗಿನ ಕುಣಿತದಲ್ಲಿ, ಕೈಯಿಂದ ಕೈಗೆ ಹಾಯುತ್ತ, ಲಕೋಟೆಯಿಲ್ಲದೆ ಮೇಜಿನ ಮೇಲೆ ಬೀಳುತ್ತ, ಬೆಳಗಿನವರೆಗೆ ದುಡಿದವು. ನಮ್ಮ ನಾಟಕದ ತಟ್ಟೆಗಳಿಗೂ ಆದುದು ಇದೇ. ಅಂಗಳದಲ್ಲಿ ಚಾಪೆ ಹಾಸಿ ಕೇರಿಯವರೆಲ್ಲ ಕೂಡಿ ಕೇಳಿದ ತಟ್ಟೆ ಬೂದಾಗದೆ ಇರಲು ಹೇಗೆ ಸಾಧ್ಯ? ತರದ ಮೆಟ್ಟಿಲಲ್ಲಿ ಮೇಲಿರುವುದು ಬಹುಮಟ್ಟಿಗೆ ಜನ ಒಲ್ಲದೆ ಬಿಟ್ಟದ್ದು. ಒಲಿದು ಕೇಳಿದ್ದು ಕೆಳಗಿಳಿದಿದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಚಿತ್ರ. ಜಯಚಾಮರಾಜ ಒಡೆಯರು ಮೈಸೂರಿನ ಅರಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸುಮಾರು ಇಪ್ಪತ್ತು ಸಾವಿರ ತಟ್ಟೆಗಳನ್ನು ಕೂಡಿಟ್ಟಿದ್ದರೆಂದು ಪ್ರಸಿದ್ಧಿ. ಲಂಡನ್ನಿನಲ್ಲಿ ಬಡತನ ಮತ್ತು ಮರೆವಿನಲ್ಲಿ ಬೀಳುತ್ತಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಸ್ವತಃ ಅವರ ಕೈಯಿಂದಲೇ ನುಡಿಸಿ ಮುದ್ರಿಸಲು 1940ರ ದಶಕದ ಉತ್ತರಾರ್ಧದಲ್ಲಿ ಒಡೆಯರು ಹಣ ನೀಡಿದರು. ಮೆಟ್ನರ್ ಕೃತಜ್ಞತೆಯಿಂದ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದರು. ಹಾಗೆ ಆದರದಿಂದ ರಕ್ಷಿತವಾದ ಸಂಗ್ರಹ ಒಂದು ನಾಡಿನ ಭಾಗ್ಯ. ಅದೇ ಆದರದ ನೂರರಲ್ಲಿ ಒಂದು ಪಾಲು ಗುಬ್ಬಿ ಕಂಪನಿಯ ತಟ್ಟೆಗಳಿಗೂ ದೊರೆತಿದ್ದರೆ ಎಂದು ನಾನು ಮರುಗುವುದುಂಟು.

1980ರ ದಶಕದಲ್ಲಿ ಕ್ಯಾಸೆಟ್ಟು ಮನೆಮನೆಗೆ ಬಂದ ಮೇಲೆ ತಟ್ಟೆಗಳು ಗುಜರಿಯವರ ಪಾಲಾದುವು. ಬೆಂಗಳೂರಿನ ಸಂಡೆ ಬಜಾರಿನಲ್ಲಿ, ಮುಂಬಯಿಯ ಚೋರ್ ಬಜಾರಿನಲ್ಲಿ, ಕಲ್ಕತ್ತೆಯ ಫ್ರೀ ಸ್ಕೂಲ್ ಸ್ಟ್ರೀಟಿನಲ್ಲಿ ಅವು ಮತ್ತೆ ತಲೆಯೆತ್ತಿದುವು. ಕೊಡಗಿನಲ್ಲಿ ಅವನ್ನು ಮನೆಗಳಿಗೇ ಹೋಗಿ ಕೇಳಬೇಕು. ಹೋಗುವುದಾದರೆ ಕಕ್ಕಡದಲ್ಲಿ ಹೋಗಬಾರದು, ಪುತ್ತರಿ ಕಳೆದು ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಪೆಟ್ಟಿಗೆಗಳು ಒಣಗಿ ಮನೆಯವರ ಮನಸ್ಸೂ ಬಿಡುವಾಗಿರುವಾಗ ಹೋಗಬೇಕು.

ಅಂತಹ ಒಂದು ಮಾಘದ ಬೆಳಗ್ಗೆ ಮೂರ್ನಾಡಿನಿಂದ ಎರಡು ಮೈಲಿ ದೂರದ ತೋಟದ ಮನೆಯಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂದೇ ಒಂದು ತಟ್ಟೆಯನ್ನು ತಂದು ಜಗಲಿಯ ಮೇಲಿಟ್ಟು, “ಇದಕ್ಕೆ ಬೆಲೆ ಉಂಟಾ ಮಗ?” ಎಂದು ಕೇಳಿದರು. ನಾಟಕದ ಹಾಡು, ಹಾಡಿದವರ ಹೆಸರಿನ ಭಾಗವನ್ನು ತೇವ ತಿಂದಿತ್ತು. ತೂತಿನಲ್ಲಿ ಬೆರಳಿಟ್ಟು ತಟ್ಟಿದೆ, ಸತ್ತ ಸದ್ದು. ಕಿಟಕಿಯ ಬೆಳಕಿಗೆ ಹೊರಳಿಸಿದಾಗ ಅಂಚಿನಿಂದ ಒಳಕ್ಕೆ ಒಂದೂವರೆ ಅಂಗುಲ ನಡೆದುಹೋದ ಸೀಳು ಕಂಡಿತು. ಮಾರಾಟದ ತಟ್ಟೆಯಲ್ಲ ಅಜ್ಜಿ, ಆದರೆ ಕೇಳಬಹುದು ಎಂದೆ. ಹಗುರವಾದ ತೋಳಿನ, ಅಗಲ ಗೆರೆಗೆ ತಕ್ಕ ಮುಳ್ಳಿನ ಸಣ್ಣ ಯಂತ್ರವೊಂದು ನನ್ನ ಜೊತೆಗಿದ್ದಿತು. ಹಾಡು ಆರಂಭವಾಯಿತು, ಸುತ್ತಿಗೊಂದರಂತೆ, ನಿಮಿಷಕ್ಕೆ 78 ಬಾರಿ, ಸೀಳು ಟಕ್ ಟಕ್ ಎಂದು ಲೆಕ್ಕ ಹಾಕುತ್ತ ನಡೆಯಿತು. ಅಜ್ಜಿ ಕಂಬಕ್ಕೆ ಒರಗಿ ಕುಳಿತರು. ಅರ್ಧ ಹಾಡಿನ ಹೊತ್ತಿಗೆ ಮುಳ್ಳು ಸೀಳಿನ ತುದಿಯನ್ನು ದಾಟಿ ಒಳಗೆ ಹೋಯಿತು. ಟಕ್ ಟಕ್ ನಿಂತಿತು, ಮತ್ತು ಕಂಠವೊಂದೇ ಉಳಿಯಿತು. ಮುಗಿದ ಮೇಲೆ ತಟ್ಟೆಯನ್ನು ಹೊಸ ಲಕೋಟೆಯಲ್ಲಿಟ್ಟು, ಮೇಲೆ ಬರೆದೆ: ಅಂಚಿನಿಂದ ಒಂದೂವರೆ ಅಂಗುಲ ಸೀಳು, ಎರಡನೆಯ ಮಗ್ಗುಲು ಬೂದು, ಹೆಸರಿಲ್ಲ, ಹಾಡು ಪೂರ್ತಿ ಇದೆ. ಅಜ್ಜಿ ಅದನ್ನು ಮತ್ತೆ ಸೀರೆಯ ತುಂಡಿನಲ್ಲಿಯೇ ಸುತ್ತಿ ಒಳಗಿಟ್ಟರು.